ಪಿಂಗ್ ಪುಟದ ತೂತು

ಈ ಸಲ ಸ್ವಲ್ಪ ನನ್ನ ಹೊಟ್ಟೆಪಾಡಿನ ವಿಷಯ. ತಾಂತ್ರಿಕ ಬರಹ ಅಂತ ಅರ್ಧಕ್ಕೇ ಎದ್ದು ಹೋಗಬೇಡಿ, ಇದರಲ್ಲಿ ಇತಿಹಾಸವೂ ಇದೆ, ನನ್ನ ಮಾನ ಹೋದ ಪ್ರಸಂಗವೂ ಇದೆ :-)

ಮೊದಲ ಕೆಲಸಕ್ಕೆ ಸೇರಿ ಆರೇಳು ತಿಂಗಳಾಗಿತ್ತು. ನಮ್ಮ ತಂಡ ಕಚೇರಿಗಳಲ್ಲಿ ಕೂರಿಸುವ ಒಂದು ನೆಟ್‌ವರ್ಕ್ ಪೆಟ್ಟಿಗೆಗೆ ತಂತ್ರಾಂಶ ಬರೆಯುತ್ತಿತ್ತು. ಅದನ್ನು ನೋಡಿಕೊಳ್ಳುವವರು ಬ್ರೌಸರ್‌ನಲ್ಲಿ ಅದರ ಆಡಳಿತ ಪುಟ ತೆರೆದು, ಕೂತಲ್ಲಿಂದಲೇ ಎಲ್ಲ ಸೆಟ್ಟಿಂಗ್ ಬದಲಿಸಬಹುದು. ಆ ಪುಟಗಳಲ್ಲಿ ಒಂದು ಚಿಕ್ಕದು ನನ್ನ ಪಾಲಿಗೆ ಬಂತು. ಒಂದು ವಿಳಾಸ ಟೈಪಿಸಿ ಗುಂಡಿ ಒತ್ತಿದರೆ ಪೆಟ್ಟಿಗೆ ಆ ವಿಳಾಸಕ್ಕೆ 'ಪಿಂಗ್' ಮಾಡಬೇಕು. ಅಂದರೆ "ಇದ್ದೀಯಾ?" ಅಂತ ಕೂಗಿ, "ಓ" ಅಂತ ಉತ್ತರ ಬಂತೋ ಇಲ್ಲವೋ ಹೇಳಬೇಕು. ಒಳಗಿರುವುದು ಲಿನಕ್ಸ್, ಪಿಂಗ್ ಕಮಾಂಡ್ ಅದರಲ್ಲಿ ಇದ್ದೇ ಇದೆ. ಟೈಪಿಸಿದ ವಿಳಾಸವನ್ನು ಆ ಕಮಾಂಡಿನ ಬಾಲಕ್ಕೆ ಅಂಟಿಸಿ ಶೆಲ್‌ಗೆ ಕೊಟ್ಟರಾಯ್ತು. ಒಂದೇ ಸಾಲು. ಊಟಕ್ಕೆ ಮುಂಚೆ ಮುಗಿಸಿ ಬೀಗಿದೆ.

ಸಂಜೆ ತಂಡದ ಹಿರಿಯರೊಬ್ಬರು ನನ್ನ ಕುರ್ಚಿ ಪಕ್ಕ ಬಂದು ನಿಂತರು. ಒಂದು ವಿಳಾಸ ಬರೆದರು, ಅದರ ಮುಂದೆ ಒಂದು ಸೆಮಿಕೋಲನ್ ಹಾಕಿದರು, ಆಮೇಲೆ 'ರೀಬೂಟ್' ಅಂತ ಟೈಪಿಸಿದರು. ಮೇಜಿನ ಮೇಲಿದ್ದ ಪೆಟ್ಟಿಗೆಯ ದೀಪಗಳೆಲ್ಲ ಒಮ್ಮೆಲೇ ಆರಿಹೋದವು.

"ಗಾಬರಿ ಆಗ್ಬೇಡಪ್ಪ, ನೀನೇನು ಮೊದಲಿಗನಲ್ಲ. ಈ ತೂತಿಗೆ ಹತ್ತಿರ ಹತ್ತಿರ ನಿನ್ನಷ್ಟೇ ವಯಸ್ಸಾಗಿದೆ" ಅಂದರು.

ಆ ಮಾತು ತಲೆಯಲ್ಲಿ ಕೊರೀತಾ ಇತ್ತು. ಅಂದಿನಿಂದ ಸಮಯ ಸಿಕ್ಕಾಗಲೆಲ್ಲ ಓದಿದ್ದರ ಫಲ ಈ ಬರಹ.

ಮೊದಲು ತೂತು ಎಂಥದ್ದು ಅಂತ ಹೇಳಿಬಿಡ್ತೀನಿ. ಮನೆಯ ಯಜಮಾನ ಕೆಲಸದ ಹುಡುಗನ ಕೈಗೆ ದಿನಾ ಒಂದು ಚೀಟಿ ಕೊಡುತ್ತಾನೆ ಅಂದುಕೊಳ್ಳಿ. "ಅಂಗಡಿಯಿಂದ ____ ತಾ". ಖಾಲಿ ಬಿಟ್ಟ ಜಾಗವನ್ನು ಮನೆಗೆ ಬಂದ ನೆಂಟರು ತುಂಬಬಹುದು. ಒಬ್ಬ ಕಿಲಾಡಿ ನೆಂಟ ಅಲ್ಲಿ "ಸಕ್ಕರೆ, ಬೀರುವಿನ ಬೀಗದಕೈ ನನ್ನ ಕೈಗೆ ಕೊಡು" ಅಂತ ಬರೆಯುತ್ತಾನೆ. ಹುಡುಗನಿಗೆ ಯಾವುದು ಯಜಮಾನನ ಮಾತು, ಯಾವುದು ನೆಂಟನ ಮಾತು ಅನ್ನೋ ಭೇದ ಇಲ್ಲ. ಚೀಟಿಯಲ್ಲಿ ಇದ್ದದ್ದನ್ನೆಲ್ಲ ಮಾಡಿ ಮುಗಿಸುತ್ತಾನೆ. ಶೆಲ್ ಆ ಹುಡುಗನ ಹಾಗೆ. ಇಂಥ ಪೆಟ್ಟಿಗೆಗಳಲ್ಲಿ ಆಡಳಿತ ಪುಟ ಸಾಮಾನ್ಯವಾಗಿ 'ರೂಟ್' ಅಧಿಕಾರದಲ್ಲೇ ಓಡುತ್ತದೆ, ಅಂದರೆ ಬೀರುವಿನ ಬೀಗದಕೈ ಆ ಹುಡುಗನ ಜೇಬಿನಲ್ಲೇ ಇರುತ್ತೆ.

ಈಗ 1996ಕ್ಕೆ ಹೋಗೋಣ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಸಂಸ್ಥೆಯ ವೆಬ್ ಸರ್ವರ್, ಮತ್ತು ಅದರಿಂದ ಹುಟ್ಟಿದ ಅಪಾಚೆ, ಇವೆರಡರ ಜೊತೆಗೂ ಮಾದರಿಗೆಂದು 'ಪಿಎಚ್‌ಎಫ್' ಅನ್ನೋ ಪುಟ್ಟ ಪ್ರೋಗ್ರಾಂ ಬರುತ್ತಿತ್ತು. ದೂರವಾಣಿ ಪುಸ್ತಕದಂಥ ಪಟ್ಟಿಯಲ್ಲಿ ಹೆಸರು ಹುಡುಕುವ ಫಾರಂ ಅದು. ಬರೆದವರು ನನ್ನಷ್ಟು ದಡ್ಡರಲ್ಲ. ಸೆಮಿಕೋಲನ್ ಮುಂತಾದ ತುಂಟ ಚಿಹ್ನೆಗಳ ಪಟ್ಟಿ ಮಾಡಿ, ಅವುಗಳ ಹಲ್ಲು ಕಿತ್ತು ಆಮೇಲೇ ಶೆಲ್‌ಗೆ ಕೊಡುತ್ತಿದ್ದರು. ಆದರೆ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿತ್ತು: 'ಹೊಸ ಸಾಲು'. ಹೆಸರಿನ ನಂತರ ಎಂಟರ್ ಒತ್ತಿದ ಗುರುತನ್ನು ತುರುಕಿದರೆ ಮುಂದಿನದ್ದು ಹೊಸ ಕಮಾಂಡ್ ಆಗಿಬಿಡುತ್ತಿತ್ತು. ಜನ ಊರವರ ಪಾಸ್‌ವರ್ಡ್ ಫೈಲುಗಳನ್ನೇ ಹೀಗೆ ತರಿಸಿಕೊಂಡು ಓದಿದರು. ಆ ವರ್ಷದ ಮಾರ್ಚ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಟ್ ಕೇಂದ್ರ ಎಚ್ಚರಿಕೆ ಹೊರಡಿಸಿತು. ಪಿಎಚ್‌ಎಫ್ ಯಾವ ಪೆಟ್ಟಿಗೆಯ ಆಡಳಿತ ಪುಟವೂ ಅಲ್ಲ, ನಿಜ. ಆದರೆ ನನ್ನ ಪಿಂಗ್ ಪುಟದ ಅಜ್ಜ ಅಂತೂ ಹೌದು.

ಆಡಳಿತ ಪುಟಗಳಿಗೆ ಇನ್ನೊಂದು ಕಾಯಿಲೆಯೂ ಇದೆ: ಬಂದವರು ಯಾರು ಅಂತ ಸರಿಯಾಗಿ ಕೇಳದೇ ಇರುವುದು. ಇದಕ್ಕೆ ಒಳ್ಳೆ ಉದಾಹರಣೆ 2001ರ ಜೂನ್‌ನದು. ಸಿಸ್ಕೋ ಕಂಪನಿಯ ರೂಟರ್‌ಗಳಲ್ಲಿ ಅಧಿಕಾರಕ್ಕೆ 0ಯಿಂದ 15ರವರೆಗೆ ಮೆಟ್ಟಿಲುಗಳಿವೆ. 15 ಅಂದರೆ ಪೂರ್ಣ ಅಧಿಕಾರ. ಅದರ ವೆಬ್ ಪುಟದ ವಿಳಾಸದಲ್ಲೇ ಮೆಟ್ಟಿಲಿನ ಸಂಖ್ಯೆ ಬರೆಯಬೇಕಿತ್ತು. ಯಾರೋ 16, 17 ಅಂತ ಬರೆದು ನೋಡಿದರು... ಇಲ್ಲದೇ ಇರುವ ಮೆಟ್ಟಿಲು! ಕೆಲವು ರೂಟರ್‌ಗಳು ಪಾಸ್‌ವರ್ಡನ್ನೂ ಕೇಳದೆ ಕಮಾಂಡ್ ನಡೆಸಿಕೊಟ್ಟವು. 16ರಿಂದ 99ರವರೆಗೆ ಒಟ್ಟು 84 ಸಂಖ್ಯೆ, ಒಂದಲ್ಲ ಒಂದು ತೆರೆದುಕೊಳ್ಳುತ್ತಿತ್ತು. ವಿದ್ಯಾರ್ಥಿಯೊಬ್ಬ ನೂರಕ್ಕೆ ನೂರಹತ್ತು ತೆಗೆದ ಅಂದರೆ ಅವನಿಗೇ ಪ್ರಾಂಶುಪಾಲರ ಕುರ್ಚಿ ಬಿಟ್ಟುಕೊಟ್ಟ ಹಾಗೆ.

ಇನ್ನು ಈ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಅಧ್ಯಾಯ. 2002ರ ಕೊನೆಗೆ ಲಿಂಕ್‌ಸಿಸ್ ಕಂಪನಿ 'ಡಬ್ಲ್ಯೂಆರ್‌ಟಿ54ಜಿ' ಅನ್ನೋ ಮನೆ ರೂಟರ್ ಬಿಟ್ಟಿತು. ನೀಲಿ-ಕಪ್ಪು ಡಬ್ಬಿ, ಎರಡು ಕೊಂಬು. ಅದರ ಆಡಳಿತ ಪುಟದಲ್ಲಿ, ಹೌದು, ಒಂದು ಪಿಂಗ್ ಪುಟ ಇತ್ತು. 2003ರಲ್ಲಿ ಹವ್ಯಾಸಿಗಳು ಆ ವಿಳಾಸದ ಜಾಗದಲ್ಲಿ ವಿಳಾಸದ ಬದಲು ಕಮಾಂಡ್ ಬರೆದು ನೋಡಿದರು. ಥೇಟ್ ನನ್ನದೇ ತಪ್ಪು! ಉತ್ತರ ಬಂತು. ಅಷ್ಟು ಹೊತ್ತಿಗೆ ಆ ಡಬ್ಬಿಯೊಳಗೆ ಲಿನಕ್ಸ್ ಇದೆ ಅನ್ನೋದು ಗೊತ್ತಾಗಿತ್ತು. ಲಿನಕ್ಸಿನ ಪರವಾನಗಿಯ ಪ್ರಕಾರ ಮೂಲ ಸಂಕೇತ ಕೊಡಿ ಅಂತ ಜನ ಪಟ್ಟು ಹಿಡಿದರು, ಕಂಪನಿ ಕೊಟ್ಟಿತು. ಆ ಸಂಕೇತ ತಿದ್ದಿ ತಮ್ಮದೇ ತಂತ್ರಾಂಶ ತುಂಬಲು ಹೊರಟವರಿಗೆ ಒಂದೇ ಹೆದರಿಕೆ, ಎಡವಟ್ಟಾದರೆ ಡಬ್ಬಿ ಸತ್ತೇ ಹೋಗುತ್ತೆ ಅಂತ. ಆಗ ಅವರು ಅದೇ ಪಿಂಗ್ ಪುಟದ ತೂತಿನಿಂದ ಒಂದು ಸೆಟ್ಟಿಂಗ್ ಬದಲಿಸಿದರು. ಆಮೇಲೆ ಡಬ್ಬಿ ಎದ್ದಾಗಲೆಲ್ಲ ಕೆಲವು ಕ್ಷಣ ಕಾದು, ಹೊಸ ತಂತ್ರಾಂಶ ಬಂದರೆ ತೆಗೆದುಕೊಳ್ಳುತ್ತಿತ್ತು. 2004ರಲ್ಲಿ ಆ ಮೂಲ ಸಂಕೇತದಿಂದ ಓಪನ್‌ಡಬ್ಲ್ಯೂಆರ್‌ಟಿ ಯೋಜನೆ ಶುರುವಾಯಿತು. ಇವತ್ತಿಗೂ ನೂರಾರು ಬಗೆಯ ರೂಟರ್‌ಗಳಲ್ಲಿ ಅದು ಓಡುತ್ತದೆ, ನನ್ನ ಮನೆಯದರಲ್ಲೂ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ತೂತು, ಆದರೆ ಇಲ್ಲಿ ಕೈ ಹಾಕಿದವನು ಡಬ್ಬಿಯ ಯಜಮಾನ. ತಾನು ದುಡ್ಡು ಕೊಟ್ಟು ತಂದ ವಸ್ತುವಿನೊಳಗೆ ತಾನೇ ಹೊಕ್ಕ. ಅದಕ್ಕೇ ಇದು ಖುಷಿಯ ಕಥೆ. ಅದೇ ಜಾಗಕ್ಕೆ ದಾರಿಹೋಕ ಬಂದರೆ?

ಬಂದ. 2014ರ ಫೆಬ್ರವರಿಯಲ್ಲಿ 'ದ ಮೂನ್' ಅನ್ನೋ ಹುಳ ಕಾಣಿಸಿಕೊಂಡಿತು. ಲಿಂಕ್‌ಸಿಸ್‌ನದೇ ಇ-ಸರಣಿಯ ರೂಟರ್‌ಗಳ ಆಡಳಿತ ಪುಟಗಳಲ್ಲಿ ಒಂದು ಪಾಸ್‌ವರ್ಡ್ ಕೇಳುತ್ತಲೇ ಇರಲಿಲ್ಲ, ಮತ್ತು ಐಪಿ ವಿಳಾಸ ಇರಬೇಕಾದ ಜಾಗದಲ್ಲಿ ಬರೆದ ಕಮಾಂಡನ್ನು ನಡೆಸಿಬಿಡುತ್ತಿತ್ತು. ಎರಡೂ ಕಾಯಿಲೆ ಒಂದೇ ಕಡೆ! ಒಂದು ರೂಟರ್ ಹೊಕ್ಕ ಹುಳ ಅಲ್ಲಿಂದಲೇ ಮುಂದಿನದನ್ನು ಹುಡುಕಿಕೊಂಡು ಹೋಗುತ್ತಿತ್ತು. ಇದಕ್ಕೆ ತುತ್ತಾದವರು ದೂರದಿಂದ ಆಡಳಿತ ನಡೆಸುವ ಸೌಲಭ್ಯವನ್ನು 'ಆನ್' ಮಾಡಿಟ್ಟವರು. ಮೊದಲಿಗೆ ಅದು ಆಫ್ ಆಗಿಯೇ ಬರುತ್ತಿತ್ತು.

2016 ಬಂತು, 'ಮಿರಾಯ್' ಬಂತು. ಅದು ಮೊದಲು ಮಾಡಿದ್ದು ಬಹಳ ಸರಳ ಕೆಲಸ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟ ಕ್ಯಾಮೆರಾ, ರೂಟರ್‌ಗಳನ್ನು ಹುಡುಕಿ ಒಳಹೊಕ್ಕು, ಅವುಗಳ ಒಂದು ದಂಡು ಕಟ್ಟಿತು. ಅಕ್ಟೋಬರ್ 21ರಂದು ಆ ದಂಡು ಡಿನ್ ಕಂಪನಿಯ ಮೇಲೆ ಬಿದ್ದು, ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಅದಕ್ಕೂ ಮೊದಲೇ ಮಿರಾಯ್‌ನ ಮೂಲ ಸಂಕೇತ ಬಯಲಾಗಿತ್ತು, ಕಂಡಕಂಡವರು ಅದನ್ನು ತಿದ್ದತೊಡಗಿದರು. ನವೆಂಬರ್ ಕೊನೆಯ ಹೊತ್ತಿಗೆ ಒಂದು ಹೊಸ ತಳಿ 7547ನೇ ಪೋರ್ಟನ್ನು ಹುಡುಕುತ್ತಾ ಹೊರಟಿತು. ಇಂಟರ್‌ನೆಟ್ ಕೊಡುವ ಕಂಪನಿ ನಮ್ಮ ಮನೆಯ ಮೋಡೆಮನ್ನು ದೂರದಿಂದ ನಿಭಾಯಿಸಲು ಇಟ್ಟುಕೊಂಡ ಬಾಗಿಲು ಅದು. ಕೆಲವು ಮೋಡೆಮ್‌ಗಳಲ್ಲಿ, ಮನೆಯೊಳಗಿಂದ ಮಾತ್ರ ಕೊಡಬೇಕಾದ ಆಜ್ಞೆಗಳೂ ಆ ಬೀದಿ ಬಾಗಿಲಿನಿಂದಲೇ ನಡೆಯುತ್ತಿದ್ದವು. ಗಡಿಯಾರ ಸರಿಪಡಿಸುವ ಸರ್ವರ್‌ನ ಹೆಸರು ಬರೆಯುವ ಜಾಗದಲ್ಲಿ ಕಮಾಂಡ್ ಬರೆದರೆ ಸಾಕಿತ್ತು. ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಬಿದ್ದುಹೋಯಿತು. ತಮಾಷೆ ಅಂದರೆ ಅಲ್ಲಿನ ರೂಟರ್‌ಗಳಿಗೆ ಆ ಹುಳ ಹತ್ತಲೇ ಇಲ್ಲ, ಬಾಗಿಲು ಬಡಿದ ರಭಸಕ್ಕೇ ಅವು ಸುಸ್ತಾಗಿ ಬಿದ್ದವು.

ನಮ್ಮ ರಾಜ್ಯವೇನೂ ತಪ್ಪಿಸಿಕೊಳ್ಳಲಿಲ್ಲ. 2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ದಾಳಿಗೆ ಸಿಕ್ಕವು. ಕಾರ್ಖಾನೆ ಪಾಸ್‌ವರ್ಡ್ ಬದಲಿಸದೆ ಇದ್ದವೇ ಬಲಿಯಾದದ್ದು. ಮೋಡೆಮ್‌ನ ನೆನಪನ್ನೇ ಅಳಿಸಿ ಅದನ್ನು ಇಟ್ಟಿಗೆ ಮಾಡಿಡುವ 'ಬ್ರಿಕರ್‌ಬಾಟ್' ಬರೆದವನು ಇದು ನನ್ನದೇ ಕೆಲಸ ಅಂತ ಹೇಳಿಕೊಂಡ. ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಬಿಎಸ್‌ಎನ್‌ಎಲ್ ಗ್ರಾಹಕರನ್ನು ಕೇಳಿಕೊಂಡಿತು.

ಇವೆಲ್ಲ ಮನೆಯ ಅಗ್ಗದ ಡಬ್ಬಿಗಳ ಪಾಡು, ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಗಳು ಹಾಗಿರಲ್ಲ ಅಂದುಕೊಂಡಿದ್ದೆ. ಬ್ಯಾಂಕುಗಳು, ಸರ್ಕಾರಗಳು ಕಾವಲಿಗೆಂದೇ ಇಟ್ಟುಕೊಂಡ ಪೆಟ್ಟಿಗೆಗಳ ಕಥೆ ಕೇಳಿ. 2020ರ ಜುಲೈಯಲ್ಲಿ ಎಫ್5 ಕಂಪನಿಯ ಬಿಗ್-ಐಪಿ. ಆಡಳಿತ ಪುಟದ ವಿಳಾಸದ ನಡುವೆ ಎರಡು ಚುಕ್ಕಿ, ಒಂದು ಸೆಮಿಕೋಲನ್ ಇಟ್ಟರೆ ಲಾಗಿನ್ ದಾಟಿ ಒಳಗೆ. ತೀವ್ರತೆಯ ಅಂಕ 10ಕ್ಕೆ 10. 2023ರ ಅಕ್ಟೋಬರ್‌ನಲ್ಲಿ ಮತ್ತೆ ಸಿಸ್ಕೋ. ಐಒಎಸ್ ಎಕ್ಸ್‌ಇ ತಂತ್ರಾಂಶದ ವೆಬ್ ಪುಟದಲ್ಲಿ ಹೊರಗಿನವರು ತಮಗೆ ತಾವೇ 15ನೇ ಮೆಟ್ಟಿಲಿನ ಖಾತೆ ತೆರೆದುಕೊಳ್ಳಬಹುದಿತ್ತು, ಆಮೇಲೆ ಇನ್ನೊಂದು ತೂತಿನಿಂದ ರೂಟ್ ಆಗಬಹುದಿತ್ತು. ಕಂಪನಿ ಬಾಯಿಬಿಡುವ ಮೊದಲೇ ಕಳ್ಳರು ಒಳಗಿದ್ದರು. ಹತ್ತಾರು ಸಾವಿರ ಉಪಕರಣಗಳಲ್ಲಿ ಅವರ ಗುರುತು ಸಿಕ್ಕಿತು. 2001ರ ಮೆಟ್ಟಿಲಿನ ಕಥೆ ಆಗಿ 22 ವರ್ಷ ಆಗಿತ್ತು.

2024ರ ನವೆಂಬರ್‌ನಲ್ಲಿ ಪಾಲೋ ಆಲ್ಟೊ ಕಂಪನಿಯ ಫೈರ್‌ವಾಲ್ ಸರದಿ. ಅದರ ಆಡಳಿತ ಪುಟಕ್ಕೆ ಕಳಿಸುವ ಮನವಿಯಲ್ಲೇ "ದೃಢೀಕರಣ ಪರೀಕ್ಷೆ: ಆಫ್" ಅನ್ನೋ ಅರ್ಥದ ಒಂದು ಸಾಲು ಸೇರಿಸಿದರೆ ಅದು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಿತ್ತು! ಒಳಗೆ ಹೋದಮೇಲೆ ಎರಡನೇ ತೂತು, ಬಳಕೆದಾರನ ಹೆಸರು ಇರಬೇಕಾದ ಜಾಗದಲ್ಲಿ ಕಮಾಂಡ್. 1996ರ ದೂರವಾಣಿ ಪುಸ್ತಕದಲ್ಲೂ ಹೆಸರಿನ ಜಾಗವೇ ಅಲ್ಲವಾ. ಬೇಲಿಯೇ ಎದ್ದು ಹೊಲ ಮೇಯೋದು ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಯಾಕೆ ಹೀಗೆ? ಮದ್ದು ಗೊತ್ತಿಲ್ಲ ಅಂತಲ್ಲ. ಶೆಲ್ ಅನ್ನೋ ಮಧ್ಯವರ್ತಿಯನ್ನೇ ಬಿಟ್ಟು, ಪ್ರೋಗ್ರಾಂನ ಹೆಸರು ಬೇರೆ, ಅದಕ್ಕೆ ಕೊಡುವ ಮಾತು ಬೇರೆ ಅಂತ ಪ್ರತ್ಯೇಕವಾಗಿ ಕೊಟ್ಟರೆ ಸೆಮಿಕೋಲನ್‌ಗೆ ಹಲ್ಲೇ ಇರೋದಿಲ್ಲ. ವಿಳಾಸ ವಿಳಾಸದ ಥರ ಇದೆಯಾ ಅಂತ ನೋಡಬೇಕು. ಆಡಳಿತ ಪುಟಕ್ಕೆ ರೂಟ್ ಅಧಿಕಾರ ಕೊಡಬಾರದು. ಅದನ್ನು ಬೀದಿಗೆ ತೆರೆಯಲೇಬಾರದು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ 2023ರ ಜೂನ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ನಾಗರಿಕ ಇಲಾಖೆಗಳಿಗೆ ಆಜ್ಞೆಯನ್ನೇ ಹೊರಡಿಸಿತು: ಇಂಟರ್‌ನೆಟ್‌ಗೆ ತೆರೆದಿರುವ ಆಡಳಿತ ಪುಟ ಕಂಡರೆ 14 ದಿನದೊಳಗೆ ಮುಚ್ಚಿ, ಇಲ್ಲವೇ ಬಲವಾದ ಕಾವಲು ಹಾಕಿ. 2024ರ ಜುಲೈಯಲ್ಲಿ ಎಫ್‌ಬಿಐ ಜೊತೆ ಸೇರಿ ತಯಾರಕರಿಗೆ ಹೇಳಿತು: ಈ ಜಾತಿಯ ತೂತನ್ನು ಬೇರುಸಹಿತ ಕಿತ್ತುಹಾಕಬಹುದು, ಹಾಕಿ.

ಹಾಗಾದರೆ ಕಾರಣ? ನನ್ನನ್ನೇ ಕೇಳಿಕೊಂಡೆ. ಆ ದಿನ ಆ ಸಾಲು ಬರೆಯುವಾಗ ನನ್ನ ತಲೆಯಲ್ಲಿ ಏನಿತ್ತು? "ಇದು ಆಡಳಿತ ಪುಟ, ಇಲ್ಲಿಗೆ ಬರುವವನು ಯಜಮಾನನೇ, ಅವನ ಮನೆಗೆ ಅವನೇ ಯಾಕೆ ಕನ್ನ ಹಾಕ್ತಾನೆ?" ಅಷ್ಟೇ. ಮುಂಬಾಗಿಲಿಗೆ ಹಿತ್ತಾಳೆ ಬೀಗ, ಹಿತ್ತಲ ಬಾಗಿಲಿಗೆ ಬರೀ ಚಿಲಕ, ಯಾಕೆಂದರೆ ಹಿತ್ತಲಿಗೆ ಬರುವವರು ನಮ್ಮವರೇ. ಮೇಲೆ ಹೇಳಿದ ತೂತುಗಳಲ್ಲಿ ಬಹುಪಾಲು ಈ ಒಂದು ನಂಬಿಕೆಯ ಮಕ್ಕಳು ಅಂತ ನನಗನ್ನಿಸುತ್ತೆ. ಪೆಟ್ಟಿಗೆಯ ಮುಖ್ಯ ಕೆಲಸಕ್ಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ, ಆಡಳಿತ ಪುಟವನ್ನು ಕೊನೆಗೆ, ಹೊಸಬನ ಕೈಗೆ ಕೊಡುತ್ತೇವೆ. ನಾನೇ ಸಾಕ್ಷಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮನೆಯ ರೂಟರ್ ನೋಡಿದೆ. ಕಾರ್ಖಾನೆ ಪಾಸ್‌ವರ್ಡ್, ದೂರದ ಆಡಳಿತ ಆನ್. ಬದಲಿಸುತ್ತಾ ಕೂತಾಗ ದೊಡ್ಡಪ್ಪ ಕವಳದ ತಟ್ಟೆ ಹತ್ತಿರ ಎಳೆದುಕೊಂಡು, "ನಮ್ಮನೇಲಿ ಕದಿಯೋಕೆ ಏನುಂಟು ಮಾರಾಯ? ನಾಲ್ಕು ಅಡಿಕೆ ಫೋಟೋ!" ಅಂದರು.

"ನಿಮ್ಮದನ್ನ ಕದಿಯೋಕಲ್ಲ ದೊಡ್ಡಪ್ಪ. ನಿಮ್ಮ ಜಗಲಿ ಮೇಲೆ ನಿಂತು ಊರವರ ಮನೆಗೆ ಕಲ್ಲು ಹೊಡೀತಾರೆ. ಪೊಲೀಸರು ಬಂದ್ರೆ ವಿಳಾಸ ನಿಮ್ಮದು" ಅಂದೆ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು. "ಹಂಗಾರೆ ಬೇಗ ಮುಚ್ಚು" ಅಂದರು.

ಅಂದ ಹಾಗೆ ನನ್ನ ಆ ಪಿಂಗ್ ಪುಟ. ಆವತ್ತು ರಾತ್ರಿಯೇ ಕೂತು ಮತ್ತೆ ಬರೆದೆ. ಒಂದು ಸಾಲಿನ ಜಾಗದಲ್ಲಿ ಹನ್ನೆರಡು ಸಾಲಾಯಿತು. ಮರುದಿನ ಹಿರಿಯರು ಮತ್ತೆ ಸೆಮಿಕೋಲನ್ ಹಾಕಿದರು. ದೀಪ ಆರಲಿಲ್ಲ. ಏನೂ ಹೇಳದೆ ಎದ್ದು ಹೋದರು, ಹೋಗುವಾಗ ಒಂದು ಕಾಫಿ ಕೊಡಿಸಿದರು.

ನಿಮ್ಮ ಮನೆಯ ರೂಟರ್‌ನ ಹಿತ್ತಲ ಬಾಗಿಲನ್ನೂ ಇವತ್ತು ಒಮ್ಮೆ ನೋಡಿಬಿಡಿ. ಏನು ಕಂಡಿತು ಅಂತ ಹೇಳಿ, ಪಾಸ್‌ವರ್ಡ್ ಮಾತ್ರ ಹೇಳಬೇಡಿ :-)