ಮಾತಂಗಿಯ ಪ್ರವೇಶ: ಚರಿತ್ರೆಯ ನಾಟಕ ಬರೆಯುವವನ ತೊಡಕುಗಳು

ನಮ್ಮ ಕಡೆ ಚರಿತ್ರೆಯ ನಾಟಕ ಬರೆಯುವವನಿಗೆ ವಸ್ತುವಿನ ಬರ ಇಲ್ಲ. ಹೊಸಪೇಟೆ ಬಿಟ್ಟು ಯಾವ ದಿಕ್ಕಿಗೆ ಹೋದರೂ ಒಂದು ಕೋಟೆ, ಒಂದು ಗುಡಿ, ಒಬ್ಬ ಅರಸ ಎದುರಾಗ್ತಾನೆ. ಬರ ಇರೋದು ಬೇರೆ ಕಡೆ. ಈ ಕಲ್ಲು ಹೊತ್ತವರು, ದಂಡಿನ ಮುಂದೆ ಹಲಗೆ ಬಡಿದವರು, ಸತ್ತ ದನ ಎಳೆದವರು ನಾಟಕದೊಳಗೆ ಯಾವ ಬಾಗಿಲಿಂದ ಬರಬೇಕು ಎಂಬುದಕ್ಕೆ ನಮ್ಮ ರಂಗಭೂಮಿಯ ಬಳಿ ಇನ್ನೂ ಸರಿಯಾದ ಉತ್ತರವಿಲ್ಲ. ಹಂಪಿ ಉತ್ಸವದ ಧ್ವನಿ-ಬೆಳಕಿನ ಆಟದ ಹೆಸರೇ 'ವಿಜಯನಗರ ವೈಭವ'. ಆ ಹೆಸರಿನೊಳಗೆ ಕೇರಿಗೆ ಜಾಗ ಹುಡುಕೋದು ಕಷ್ಟ.

ಆದರೆ ವಿಜಯನಗರಕ್ಕಿಂತ ಹಿಂದಿನ ಕಥೆಯೊಂದರಲ್ಲಿ ಕೇರಿಯ ಹೆಣ್ಣೊಬ್ಬಳು ಕತ್ತಿ ಹಿಡಿದು ಬಂದಿದ್ದಾಳೆ. ಕುಮಾರರಾಮನ ಕಥೆಯ ಮಾತಂಗಿ ಅವಳು. ಹೆಸರೇ ಅವಳ ಜಾತಿ ಹೇಳುತ್ತದೆ. ಈ ಕಥೆಯ ನೆಲವೂ ನಮ್ಮದೇ: ರಾಜ್ಯಕ್ಕೆ ಹೆಸರು ಕೊಟ್ಟ ಕಂಪ್ಲಿ, ಸಂಡೂರು ಸೀಮೆಯ ಗುಡ್ಡಗಳ ಹೊಸಮಲೆದುರ್ಗ, ಹೊಳೆಯಾಚೆ ಗಂಗಾವತಿ ಕಡೆಯ ಕುಮ್ಮಟದುರ್ಗ. ಕಂಪಿಲರಾಯನ ಮಗ ರಾಮ 'ಪರನಾರೀ ಸಹೋದರ'. ಮಲತಾಯಿ ರತ್ನಾಜಿ ಅವನನ್ನು ಬಯಸುತ್ತಾಳೆ. ಅವನು ಒಲ್ಲೆ ಎಂದಾಗ ಅವನ ಮೇಲೇ ಅಪವಾದ ಹೊರಿಸುತ್ತಾಳೆ. ತಂದೆ ತಲೆ ಕಡಿಯಲು ಹೇಳಿದರೆ ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಡುತ್ತಾನೆ. ಕೊನೆಗೆ ದಿಲ್ಲಿಯ ದಂಡು ಬರುತ್ತದೆ. ಹೆಂಗಸಿನ ಮೇಲೆ ಕೈ ಮಾಡದವನನ್ನು ಮಣಿಸಲು ಹೆಂಗಸನ್ನೇ ದಂಡಿನ ಮುಂದೆ ನಿಲ್ಲಿಸುತ್ತಾರೆ. ಹಾಡಿಕೆಯಿಂದ ಹಾಡಿಕೆಗೆ ವಿವರ ಬೇರೆಯಾದರೂ ರಾಮ ಬೀಳುವುದು ಮಾತಂಗಿಯ ದಂಡಿನ ಎದುರು.

ಇದು ಚರಿತ್ರೆಯೋ ಅಂತ ಕೇಳುವವರಿದ್ದಾರೆ. 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿಯನ್ನು ಮುರಿಯಿತು. ದಿಲ್ಲಿಯ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದು ಕಾರಣ. ಕೆಲವೇ ವರ್ಷಗಳ ಮೇಲೆ ದಿಲ್ಲಿಗೆ ಬಂದ ಇಬ್ನ್ ಬತೂತ ಇದನ್ನು ಬರೆದಿದ್ದಾನೆ. ರಾಣಿವಾಸ ಬೆಂಕಿಗೆ ಬಿದ್ದದ್ದು, ರಾಯ ಕಾದಿ ಸತ್ತದ್ದು, ಅವನ ಹನ್ನೊಂದು ಮಕ್ಕಳನ್ನು ದಿಲ್ಲಿಗೆ ಒಯ್ದದ್ದು ಅಲ್ಲಿದೆ. ಮಾತಂಗಿ ಇಲ್ಲ. ಅವಳು ಸಿಗುವುದು ಸುಮಾರು ಇನ್ನೂರು ವರ್ಷ ಕಳೆದ ಮೇಲೆ ನಂಜುಂಡ ಕವಿ ಬರೆದ ಸಾಂಗತ್ಯದಂಥ ಕಾವ್ಯಗಳಲ್ಲಿ, ಬಯಲಾಟದಲ್ಲಿ, ಹಾಡಿನಲ್ಲಿ. ಹಾಗಾದರೆ ಅವಳು ಸುಳ್ಳೇ? ನನ್ನ ಮಟ್ಟಿಗೆ ಇದು ತಪ್ಪು ಪ್ರಶ್ನೆ. ಅರಸನ ಸೋಲಿಗೆ ಒಂದು ಕಾರಣ ಬೇಕಾದಾಗ ಈ ನಾಡಿನ ಕಲ್ಪನೆ ಕೇರಿಯ ಹೆಣ್ಣಿನ ಕಡೆಗೇ ಯಾಕೆ ಕೈ ಚಾಚಿತು? ದಲಿತ ವಿಮರ್ಶೆ ಕೇಳಬೇಕಾದ ಚರಿತ್ರೆಯ ಪ್ರಶ್ನೆ ಇದು. ಇದಕ್ಕೆ ಉತ್ತರ ಶಾಸನದಲ್ಲಿ ಸಿಗೋದಿಲ್ಲ.

ಕನ್ನಡದ ಆಧುನಿಕ ನಾಟಕಕಾರರು ಚರಿತ್ರೆಯಲ್ಲಿ ದಲಿತರನ್ನು ಕಾಣದೇ ಹೋಗಿಲ್ಲ. ಲಂಕೇಶರ 'ಸಂಕ್ರಾಂತಿ' (1971), ಶಿವಪ್ರಕಾಶರ 'ಮಹಾಚೈತ್ರ' (1986), ಕಾರ್ನಾಡರ 'ತಲೆದಂಡ' (1990), ಮೂರೂ ಕಲ್ಯಾಣಕ್ಕೆ ಹೋದವು. ಮೂರರಲ್ಲೂ ಅಸ್ಪೃಶ್ಯನ ಹೆಣ ಬೀಳುತ್ತದೆ. 'ಮಹಾಚೈತ್ರ' ದುಡಿಯುವವರನ್ನು ನಡುವಿಗೆ ತಂದದ್ದು ದೊಡ್ಡ ಮಾತು. ಅದು ಪಠ್ಯವಾದಾಗ, 1995ರಲ್ಲಿ, ಎದ್ದ ಗಲಾಟೆ ಚರಿತ್ರೆಯ ನಾಟಕ ಬರೆಯೋದು ಎಷ್ಟು ಅಪಾಯದ ಕಸುಬು ಅಂತ ತೋರಿಸಿತು. ಕಾರ್ನಾಡರು 2018ರಲ್ಲಿ 'ರಾಕ್ಷಸ ತಂಗಡಿ'ಯಲ್ಲಿ ನಮ್ಮ ಹಂಪಿಗೇ ಬಂದರು. ಅದು ರಾಮರಾಯ ಮತ್ತು ಸುಲ್ತಾನರ ನಾಟಕ. ಇವುಗಳಲ್ಲಿ ದಲಿತ ಬಲಿಯಾಗಿ ಬರುತ್ತಾನೆ, ಇಲ್ಲವೇ ಬರೋದೇ ಇಲ್ಲ. ಬಲಿಗೆ ಮರುಗುವುದು ಸಲೀಸು. ಗೆದ್ದವಳನ್ನು ಏನು ಮಾಡೋದು?

ಮಾತಂಗಿಯನ್ನು ಬರೆಯಲು ಕೂತಾಗ ನನಗೆ ಮೊದಲು ಅಡ್ಡ ಬಂದದ್ದು ರಾಮನ ವ್ರತ. ಪರನಾರೀ ಸಹೋದರತ್ವ ಈ ಕಥೆಯ ಪ್ರಾಣ. ಜನ ಅವನನ್ನು ಪೂಜಿಸುವುದೂ ಅದಕ್ಕೇ. ಆದರೆ ಆ ಧರ್ಮದಲ್ಲಿ 'ನಾರಿ' ಅಂದರೆ ಯಾರು? ಇದೇ ಸೀಮೆಯಲ್ಲಿ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಸವಿ ಬಿಡುತ್ತಿದ್ದರು. 1982ರಲ್ಲಿ ಅದರ ವಿರುದ್ಧ ಕಾಯ್ದೆಯನ್ನೇ ತರಬೇಕಾಯಿತು. ಅವರಿಗೆ ಊರಿನ ಯಾವ ಗಂಡಸೂ ಸಹೋದರ ಆಗಲಿಲ್ಲ. ಮಾತಂಗಿ ನಾರಿ ಅನ್ನಿಸಿಕೊಂಡದ್ದು ಕೈಗೆ ಕತ್ತಿ ಬಂದ ಮೇಲೆ, ಅರಸನ ಪುಣ್ಯಕ್ಕೆ ಅವಳು ಬೇಕಾದ ಮೇಲೆ. ನಾಟಕ ಅಂತ ಇದ್ದರೆ ಅದು ಹುಟ್ಟಬೇಕಾದ ಜಾಗ ಇದು.

ಎರಡನೆಯದು ಇನ್ನೂ ಬಿಸಿಯಾದದ್ದು. ಅವಳು ದಿಲ್ಲಿಯ ಕಡೆಯಿಂದ ಬಂದವಳು. ಇವತ್ತಿನ ದಿನಮಾನದಲ್ಲಿ 'ತುರುಕರ ಜೋಡಿ ಸೇರಿದ ದ್ರೋಹಿ' ಅಂತ ಅವಳನ್ನು ಒಂದೇ ಏಟಿಗೆ ಮುಗಿಸಬಹುದು. ಆಗ ದಲಿತ ಮತ್ತು ಮುಸ್ಲಿಂ ಇಬ್ಬರಿಗೂ ಒಂದೇ ಕಲ್ಲು ತಗಲುತ್ತದೆ. ಇದಕ್ಕೆ ಹೆದರಿ ಅವಳನ್ನು ದೇವಿ ಮಾಡಿ ಕೂರಿಸುವುದೂ ತಪ್ಪಿಸಿಕೊಳ್ಳುವ ದಾರಿಯೇ. ದೇವಿಗೆ ಕಾರಣ ಬೇಕಿಲ್ಲ. ಮನುಷ್ಯಳಿಗೆ ಬೇಕು. ಯಾವ ನಾಡು ತನ್ನನ್ನು ಊರ ಹೊರಗೆ ಇಟ್ಟಿತೋ ಆ ನಾಡಿಗೆ ತಾನು ಎಷ್ಟು ಋಣಿ ಎಂದು ಅವಳು ಕೇಳಬೇಕು. ದಿಲ್ಲಿಯೂ ತನ್ನನ್ನು ಒಂದು ಹತಾರದಂತೆ ಬಳಸಿತಲ್ಲ ಅಂತಲೂ ಕೇಳಬೇಕು. ಎರಡನ್ನೂ ಕೇಳದ ನಾಟಕ ಒಂದು ಪಕ್ಷದ ಭಾಷಣ ಆದೀತು.

ಬೇರೆಯವರು ಕೊಟ್ಟ ಕಥೆಯಲ್ಲಿ ನಮ್ಮವರು ಹೇಗೆ ಮಾಯವಾಗ್ತಾರೆ ಎಂಬುದಕ್ಕೆ ಹಳೆಯ ಕಾಲಕ್ಕೇ ಹೋಗಬೇಕಿಲ್ಲ. ಸಂಡೂರಿನ ಕುಮಾರಸ್ವಾಮಿ ಗುಡಿಯನ್ನು ಘೋರ್ಪಡೆ ಅರಸರು 1932ರಲ್ಲಿ ಹರಿಜನರಿಗೆ ತೆರೆದರು. ತಿರುವಾಂಕೂರಿನ ಘೋಷಣೆಗಿಂತ ನಾಲ್ಕು ವರ್ಷ ಮುಂಚೆ. ದೊಡ್ಡ ಕೆಲಸ, ಸುಳ್ಳಲ್ಲ. ಆದರೆ ನೆನಪಿನಲ್ಲಿ ಉಳಿದದ್ದು ಬಾಗಿಲು ತೆಗೆಸಿದ ಕೈ. ಆ ಹೊಸ್ತಿಲು ದಾಟಿದ ಮೊದಲ ಕಾಲು ಯಾರದು, ದಾಟುವಾಗ ನಡುಗಿತೋ ಇಲ್ಲವೋ? ಅದನ್ನು ಬರೆಯಬೇಕಾದವನು ನಾಟಕಕಾರ.

ಮೂರನೆಯದು ಕಸುಬಿನ ತೊಡಕು, ಭಾಷೆ. ಕಂಪನಿ ನಾಟಕದ ರೂಢಿಯಲ್ಲಿ ರಾಜ ಗ್ರಂಥದ ಕನ್ನಡ ಆಡ್ತಾನೆ, ಆಳುಮಗ ಊರ ಮಾತಾಡಿ ನಗಿಸ್ತಾನೆ. ಮಾತಂಗಿಗೆ ಗ್ರಾಂಥಿಕ ಕೊಟ್ಟರೆ ಅವಳು ಇನ್ನೊಬ್ಬ ರಾಣಿ. ಬರೀ ಆಡುಮಾತು ಕೊಟ್ಟರೆ ಜನ ನಗಲು ತಯಾರಾಗಿ ಕೂತಿರ್ತಾರೆ. ನನಗೆ ದಾರಿ ತೋರಿಸಿದ್ದು ನಮ್ಮ ದೊಡ್ಡಾಟ. ಅಲ್ಲಿ ಯಾವ ಪಾತ್ರ ಬಂದರೂ ಸಾರಥಿ ತಡೆದು ಕೇಳ್ತಾನೆ: ತಾವು ಯಾರು, ಯಾವ ಊರು, ಹೆಸರೇನು. ಅರಸನಾದರೂ ನಿಂತು ಹೇಳಬೇಕು. ಮಾತಂಗಿಯನ್ನೂ ಸಾರಥಿ ಹಾಗೇ ತಡೆಯಲಿ. 'ನಮ್ಮೂರು ಕೇಳ್ತೀಯಾ? ಊರೊಳಗ ಬಿಟ್ಟಿದ್ದರಲ್ಲ ಊರಿನ ಹೆಸರು ಹೇಳೋದು!' ಅಂತ ಅವಳು ಶುರು ಮಾಡಿದರೆ ನಗಲು ಬಾಯಿ ತೆರೆದವರು ಹಾಗೇ ಇರ್ತಾರೆ. ಕೇರಿಯ ಮಾತಿಗೆ ಹಾಸ್ಯವಲ್ಲದ ತೂಕ ಬರೋದು ಹೀಗೆ.

ಈ ಕಥೆಯನ್ನು ಇಷ್ಟು ಕಾಲ ಕಾಪಾಡಿದವರು ಯಾರು ಅಂತಲೂ ನೆನೀಬೇಕು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಓದು ಬರಹ ಇಲ್ಲದೆ ಹನ್ನೆರಡು ಮಹಾಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. ಕುಮಾರರಾಮನ ಕಾವ್ಯವೂ ಅದರಲ್ಲಿ ಒಂದು. ಅವರು ಅಲೆಮಾರಿ ಬುಡ್ಗಜಂಗಮ ಸಮುದಾಯದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು, 2014ರಲ್ಲಿ ತೀರಿಕೊಂಡರು. ಅರಸನ ಕಥೆ ಅರಮನೆಯಲ್ಲಿ ಉಳಿಯಲಿಲ್ಲ, ಗುಡಾರದಲ್ಲಿ ಉಳೀತು. ಹಾಡಿದವರೇ ಅದರ ವಾರಸುದಾರರು ಅನ್ನುವುದಾದರೆ ಮಾತಂಗಿಯನ್ನು ಮತ್ತೆ ಹೇಳುವ ಹಕ್ಕು ನಮಗೆ ಯಾರೂ ದಾನ ಕೊಡಬೇಕಾಗಿಲ್ಲ.

ನಮ್ಮ ಕೇರಿಗಳಲ್ಲಿ ಹುಡುಗ ಹುಡುಗಿಯರು ಈಗ ಓದಿದ್ದಾರೆ, ಬರೀತಾರೆ. ಅವರಿಗೆ ನನ್ನ ಮಾತು ಇಷ್ಟೇ: ಬಲಿಯ ನಾಟಕ ಸಾಕಷ್ಟು ಬಂದಿವೆ. ಗೆದ್ದೂ ಕಳಂಕ ಹೊತ್ತವಳ ನಾಟಕ ಬರೀರಿ. ರಾಮನ ತಲೆ ಬಿದ್ದ ಮೇಲೆ ಪರದೆ ಎಳೀಬ್ಯಾಡ್ರಿ. ಮಾತಂಗಿ ಆಮೇಲೆ ಎಲ್ಲಿಗೆ ಹೋದಳು, ಯಾವ ಊರು ಅವಳನ್ನು ಒಳಗೆ ಬಿಟ್ಟಿತು? ಅಲ್ಲಿಂದ ಮುಂದಿನ ಅಂಕ ಬರೆಯೋದು ಬಾಕಿ ಇದೆ.