ಮನೆಯಂಗಳ ಕಳೆದುಕೊಂಡ ತಂಡ

ಕೇಳುಗರೇ, ಫುಟ್‌ಬಾಲ್ ಎಂದೊಡನೆ ದುಂಡು ಚೆಂಡು ನೆನಪಾದರೆ ಅದನ್ನು ಪಕ್ಕಕ್ಕಿಡಿ. ಆಸ್ಟ್ರೇಲಿಯದ ಮೆಲ್ಬೋರ್ನಿನವರ ಚೆಂಡು ಮೊಟ್ಟೆಯಾಕಾರದ್ದು. ಬೇಸಿಗೆಯಲ್ಲಿ ಕ್ರಿಕೆಟ್ ನಡೆದ ಬಯಲಿನಲ್ಲೇ ಚಳಿಗಾಲದಲ್ಲಿ ಈ ಆಟ. 1897ರಲ್ಲಿ ಎಂಟು ತಂಡಗಳ ಲೀಗು ಶುರುವಾದಾಗ ಕಾಲಿಂಗ್‌ವುಡ್, ಫಿಟ್ಸ್‌ರಾಯ್ ಎಂದು ಬಡಾವಣೆಯ ಹೆಸರೇ ತಂಡದ ಹೆಸರಾಗಿತ್ತು.

ಶನಿವಾರ ಮಧ್ಯಾಹ್ನ ಕಾರ್ಖಾನೆಯ ಜನ ನಡೆದೇ ಮೈದಾನಕ್ಕೆ ಬರುತ್ತಿದ್ದರು. ಆಟ ಮುಗಿದರೆ ಮೂಲೆಯ ಪಬ್ಬಿಗೆ. ಅದರ ಬೋರ್ಡಿನಲ್ಲಿ 'ಹೋಟೆಲ್' ಎಂದಿರುತ್ತದೆ. ನೀವು ಇಡ್ಲಿ ಕೇಳೀರಿ, ಜೋಕೆ! 1916ರಿಂದ 1966ರ ಆರಂಭದವರೆಗೆ ಸಂಜೆ ಆರಕ್ಕೆ ಪಬ್ಬು ಮುಚ್ಚಬೇಕೆಂಬ ಕಾನೂನಿತ್ತು. ಐದರ ಸುಮಾರಿಗೆ ಆಟ ಮುಗಿದರೆ ಉಳಿಯುತ್ತಿದ್ದುದು ಒಂದು ತಾಸು. ಗಲ್ಲೆಯ ಮುಂದೆ ನೂಕುನುಗ್ಗಲು, ಗಟಗಟ ಬಿಯರು. ಹಂದಿಯ ಕಲಗಚ್ಚಿಗೆ ಹೋಲಿಸಿ ಜನ ಅದಕ್ಕೊಂದು ಅಡ್ಡಹೆಸರೂ ಇಟ್ಟರು. ಕುಡಿತ ತಗ್ಗಿಸಲು ಬಂದ ಕಾನೂನು ಕುಡಿತಕ್ಕೆ ಓಟ ಕಲಿಸಿತು, ಅಷ್ಟೆ.

1966ರಲ್ಲೇ ಫಿಟ್ಸ್‌ರಾಯ್ ತಂಡ ಬ್ರನ್ಸ್‌ವಿಕ್ ಬೀದಿಯ ತನ್ನ ಮೈದಾನದಲ್ಲಿ ಕೊನೆಯ ಲೀಗ್ ಪಂದ್ಯ ಆಡಿತು. ಎಂಟು ಸಲ ಗೆದ್ದ ತಂಡ ಆಮೇಲೆ ಮೂವತ್ತು ವರ್ಷ ಪರರ ಮೈದಾನಗಳಲ್ಲಿ ಬಿಡಾರ ಹೂಡಿತು. ಸಾಲ ಏರಿತು. 1996ರ ಸೆಪ್ಟೆಂಬರ್ 1ರಂದು ಕೊನೆಯ ಪಂದ್ಯ. ಅದೂ ದೂರದ ಪರ್ತ್ ನಗರದಲ್ಲಿ. ತಂಡವನ್ನು ಬ್ರಿಸ್ಬೇನ್ ತಂಡದೊಡನೆ ಕೂಡಿಸಿದರು. ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ಆಚೆಯ ಊರದು. ಹಳೆಯ ಅಭಿಮಾನಿ ಇನ್ನು ಯಾರಿಗೆ ಕೂಗಬೇಕು? ಕೆಲವರು ಬ್ರಿಸ್ಬೇನಿಗೆ ಒಲಿದರು, ಕೆಲವರು ಆಟದ ಕಡೆಗೇ ತಿರುಗಿ ನೋಡಲಿಲ್ಲ.

ಕಾಲಿಂಗ್‌ವುಡ್‌ನ ವಿಕ್ಟೋರಿಯ ಪಾರ್ಕಿನಲ್ಲೂ 1999ಕ್ಕೆ ದೊಡ್ಡ ಲೀಗಿನ ಆಟ ನಿಂತಿತು. ಫಿಟ್ಸ್‌ರಾಯ್‌ನಲ್ಲಿ 1888ರ ಗ್ಯಾಲರಿ ಮಾತ್ರ ಉಳಿಯಿತು. ಅದರೆದುರು 2009ರಿಂದ ಅದೇ ಹೆಸರಿನ ಹವ್ಯಾಸಿ ತಂಡ ಮತ್ತೆ ಆಡತೊಡಗಿತು.