ಭೂಪಟಕ್ಕೆ ಅಂಚು ಎಲ್ಲಿದೆ?

ನಮ್ಮ ಸಂಘದ ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ರಾಜ್ಯ ಕಟ್ಟುವ, ದಂಡೆತ್ತಿ ಹೋಗುವ ಆಟಗಳನ್ನು ಆಡುವುದು ಹೊಸತೇನಲ್ಲ. ಈ ಆಟಗಾರರಲ್ಲಿ ಒಂದು ಹಳೆಯ ತಕರಾರಿದೆ. ಭೂಪಟದ ಬಲ ಅಂಚು ದಾಟಿದ ಹಡಗು ಎಡ ಅಂಚಿನಿಂದ ಒಳಗೆ ಬರಬೇಕೋ, ಇಲ್ಲ ಅಂಚಿನಲ್ಲೇ ನಿಂತುಬಿಡಬೇಕೋ? ದೊಡ್ಡವರಿಗೆ ಇದು ಹುಡುಗರ ಜಗಳವೆನಿಸಬಹುದು. ಆದರೆ ಐದು ನೂರು ವರ್ಷಗಳ ಹಿಂದೆ ಎರಡು ರಾಜ್ಯಗಳು ಇದೇ ಪ್ರಶ್ನೆಗೆ ಸಿಕ್ಕಿಕೊಂಡು ಪರದಾಡಿದವು. ಆ ಕಥೆಯನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ತೋರ್ದೆಸಿಯಾಸ್ ಎಂಬ ಊರಿನಲ್ಲಿ ಒಪ್ಪಂದ ಮಾಡಿಕೊಂಡವು. ಕೇಪ್ ವರ್ಡೆ ದ್ವೀಪಗಳಿಂದ ಪಶ್ಚಿಮಕ್ಕೆ 370 ಲೀಗ್ ದೂರದಲ್ಲಿ ಉತ್ತರ ದಕ್ಷಿಣವಾಗಿ ಒಂದು ಗೆರೆ. ಅದರ ಪಶ್ಚಿಮಕ್ಕೆ ಹೊಸದಾಗಿ ಸಿಕ್ಕ ನೆಲ ಸ್ಪೇನಿನದು, ಪೂರ್ವಕ್ಕೆ ಸಿಕ್ಕದ್ದು ಪೋರ್ಚುಗಲ್ಲಿನದು. ಆ ನೆಲದಲ್ಲಿ ವಾಸವಿದ್ದವರನ್ನು ಯಾರೂ ಕೇಳಲಿಲ್ಲವೆಂಬುದು ಬೇರೆ ಮಾತು. ಚಪ್ಪಟೆ ಕಾಗದದ ಮೇಲಾದರೆ ಒಂದು ಗೆರೆ ಸಾಕು, ಎರಡು ಪಾಲಾಗುತ್ತದೆ. ಉಂಡೆಯ ಮೇಲೆ ಹಾಗಾಗದು. ಕಿತ್ತಳೆ ಹಣ್ಣಿನ ಮೇಲೆ ತುದಿಯಿಂದ ತುದಿಗೆ ಒಂದೇ ಗೀರು ಎಳೆದರೆ ಹಣ್ಣು ಎರಡು ಹೋಳಾಗುವುದಿಲ್ಲ, ಹಿಂಬದಿಯಲ್ಲೂ ಒಂದು ಗೀರು ಬೇಕು. ಆ ಎರಡನೆಯ ಗೆರೆ ಎಲ್ಲಿ ಎಂದು ಅಂದು ಯಾರೂ ಬರೆದಿಡಲಿಲ್ಲ.

ಈ ಸಂದಿಯನ್ನು ಬಳಸಿಕೊಂಡವನು ಫರ್ಡಿನಾಂಡ್ ಮೆಗಲನ್. ಅವನು ಪೋರ್ಚುಗಲ್ಲಿನವನು. 1505ರಲ್ಲಿ ಅಲ್ಮೇಡನ ನೌಕಾಪಡೆಯೊಂದಿಗೆ ಭಾರತಕ್ಕೆ ಬಂದಿದ್ದ. ನಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿದ್ದು ಅದೇ ಪಡೆ. ಮುಂದೆ ಅವನು ಸ್ಪೇನಿನ ದೊರೆಯ ಸೇವೆಗೆ ಸೇರಿದ. ಲವಂಗ ಬೆಳೆಯುವ ಮೊಲುಕ್ಕಾ ದ್ವೀಪಗಳು ಸ್ಪೇನಿನ ಪಾಲಿನಲ್ಲೇ ಬೀಳುತ್ತವೆ, ಪಶ್ಚಿಮಕ್ಕೆ ಹೋಗಿ ಅವನ್ನು ಮುಟ್ಟಬಹುದು ಎಂದು ದೊರೆಯನ್ನು ಒಪ್ಪಿಸಿದ. ಆಟದ ಭಾಷೆಯಲ್ಲಿ ಹೇಳುವುದಾದರೆ, ಎದುರಾಳಿ ತನ್ನ ಬೆನ್ನಿಗೆ ಅಂಚಿದೆ ಎಂದು ನೆಮ್ಮದಿಯಾಗಿದ್ದಾಗ ಇವನು ಅಂಚಿನಾಚೆಯಿಂದ ಒಳಗೆ ಬರಲು ಹೊರಟ.

1519ರಲ್ಲಿ ಐದು ಹಡಗುಗಳು, ಇನ್ನೂರಕ್ಕೂ ಹೆಚ್ಚು ಜನ ಹೊರಟರು. ಮೆಗಲನ್ 1521ರ ಏಪ್ರಿಲಿನಲ್ಲಿ ಇಂದಿನ ಫಿಲಿಪೀನ್ಸಿನ ಮಕ್ತಾನ್ ದ್ವೀಪದಲ್ಲಿ ಹತನಾದ. ಉಳಿದವರು ಅದೇ ವರ್ಷ ನವೆಂಬರಿನಲ್ಲಿ ಮೊಲುಕ್ಕಾ ತಲುಪಿದರು. 1522ರ ಸೆಪ್ಟೆಂಬರ್ 6ರಂದು ಎಲ್ಕಾನೊ ಎಂಬ ನಾವಿಕನ ಕೈಕೆಳಗೆ ವಿಕ್ಟೋರಿಯಾ ಎಂಬ ಒಂದೇ ಹಡಗು ಸ್ಪೇನಿಗೆ ಮರಳಿತು. ಅದರಲ್ಲಿದ್ದ ಯುರೋಪಿಯನ್ನರು 18 ಜನ. ದಾರಿಯಲ್ಲಿ ಕೇಪ್ ವರ್ಡೆಯಲ್ಲಿ ನಿಂತಾಗ ಅವರ ದಿನಚರಿಯಲ್ಲಿ ಬುಧವಾರ, ದಡದವರ ಲೆಕ್ಕದಲ್ಲಿ ಗುರುವಾರ. ಭೂಮಿ ಸುತ್ತಿ ಬಂದವರಿಗೆ ಒಂದು ದಿನ ಕಾಣೆಯಾಗಿತ್ತು! ಇಂದು ಪೆಸಿಫಿಕ್ ದಾಟಿ ಹಾರುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ.

ಆಮೇಲೆ ಹಿಂಬದಿಯ ಗೆರೆಗಾಗಿ ಜಟಾಪಟಿ ಶುರುವಾಯಿತು. 1524ರಲ್ಲಿ ಎರಡೂ ಕಡೆಯ ಪಂಡಿತರು ಗಡಿಯೂರುಗಳಲ್ಲಿ ಸಭೆ ಸೇರಿ ಒಮ್ಮತವಿಲ್ಲದೆ ಎದ್ದರು. ಸಮುದ್ರದ ಮೇಲೆ ರೇಖಾಂಶ ಅಳೆಯುವ ಸರಿಯಾದ ಉಪಾಯ ಆಗ ಇರಲಿಲ್ಲ. ಜಾನ್ ಹ್ಯಾರಿಸನ್ನನ ಗಡಿಯಾರ ಬರುವುದು 18ನೇ ಶತಮಾನದಲ್ಲಿ. ಕೊನೆಗೆ 1529ರ ಸರಗೋಸ ಒಪ್ಪಂದದಲ್ಲಿ ಸ್ಪೇನಿನ ದೊರೆ ಐದನೇ ಚಾರ್ಲ್ಸ್ 3,50,000 ಡುಕಾಟ್ ಪಡೆದು ಮೊಲುಕ್ಕಾದ ಹಕ್ಕನ್ನು ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟ. ಇಂದಿನ ಅಳತೆಯಲ್ಲಿ ನೋಡಿದರೆ ಆ ದ್ವೀಪಗಳು ಮೊದಲಿನಿಂದಲೂ ಪೋರ್ಚುಗಲ್ಲಿನ ಪಾಲಿನಲ್ಲೇ ಇದ್ದವು. ತನ್ನದಲ್ಲದ್ದನ್ನು ಅದರ ಪಾಲುದಾರನಿಗೇ ಮಾರಿದಂತಾಯಿತು!

ವೈದ್ಯಕೀಯದಲ್ಲಿಯೂ ಇಂಥದೇ ಕಥೆಯಿದೆ. ರಕ್ತವು ಯಕೃತ್ತಿನಲ್ಲಿ ಹುಟ್ಟಿ, ಅಂಗಾಂಗಗಳಿಗೆ ಹರಿದು, ಅಲ್ಲೇ ಮುಗಿದುಹೋಗುತ್ತದೆಂದು ಗೇಲನ್ನನ ಕಾಲದಿಂದ ನಂಬಿದ್ದರು. ಅಂದರೆ ದೇಹದ ನಕ್ಷೆಗೂ ಅಂಚುಗಳಿದ್ದವು. ಹೃದಯವು ಅರ್ಧ ಗಂಟೆಯಲ್ಲಿ ನೂಕುವ ರಕ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಗುತ್ತದೆಂದು ಲೆಕ್ಕ ಹಾಕಿ, ಅದು ಸುತ್ತಿ ಮರಳಲೇಬೇಕೆಂದು 1628ರಲ್ಲಿ ವಿಲಿಯಂ ಹಾರ್ವೆ ತೋರಿಸಿದ. ಅಂಚುಗಳನ್ನು ಕೂಡಿಸುವ ಲೋಮನಾಳಗಳನ್ನು 1661ರಲ್ಲಿ ಮಾಲ್ಪೀಗಿ ಕಂಡ.

ಇನ್ನು ಆಟಗಳಿಗೆ ಬರೋಣ. 1957ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ರಿಸ್ಕ್ ಆಟದ ಹಲಗೆಯಲ್ಲಿ ಎಡತುದಿಯ ಅಲಾಸ್ಕಕ್ಕೂ ಬಲತುದಿಯ ಕಮ್‌ಚಾಟ್ಕಕ್ಕೂ ಗೆರೆ ಎಳೆದು ಸೇರಿಸಿದ್ದಾರೆ. 1991ರ ಸಿವಿಲೈಸೇಶನ್ ಆಟದಲ್ಲಿ ಪೂರ್ವ ಪಶ್ಚಿಮಗಳು ಕೂಡುತ್ತವೆ, ಮೇಲೆ ಕೆಳಗೆ ಹಿಮದ ಗೋಡೆ. ಅಂದರೆ ಆ ಭೂಮಿ ಕೊಳವೆಯ ಆಕಾರದ್ದು. 1979ರ ಆಸ್ಟರಾಯ್ಡ್ಸ್ ಆಟದಲ್ಲಿ ನಾಲ್ಕೂ ಅಂಚುಗಳು ಕೂಡುತ್ತವೆ. ಆಗ ಉಂಡೆ ಬರುತ್ತದೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಕಾಗದವನ್ನು ಮೊದಲು ಕೊಳವೆ ಮಾಡಿ, ಆ ಕೊಳವೆಯ ಎರಡು ಬಾಯಿಗಳನ್ನು ಬಗ್ಗಿಸಿ ಸೇರಿಸಿದರೆ ಬರುವುದು ನಮ್ಮ ಉದ್ದಿನವಡೆ!

ಹಾಗಾದರೆ ಯಾವುದು ಸರಿ? ಇಡೀ ಜಗತ್ತಿನ ಆಟವಾದರೆ ಪೂರ್ವ ಪಶ್ಚಿಮಗಳು ಕೂಡಲೇಬೇಕೆಂಬುದು ನಮ್ಮ ಅಭಿಪ್ರಾಯ. ಅಟ್ಲಾಂಟಿಕ್ ನಡುವೆ ಇರುವ ಭೂಪಟದಲ್ಲಿ ಜಪಾನ್ ಬಲತುದಿಗೆ, ಹವಾಯಿ ಎಡತುದಿಗೆ. ಅಂಚು ಗೋಡೆಯಾದರೆ 1941ರ ನವೆಂಬರ್ 26ರಂದು ಕುರಿಲ್ ದ್ವೀಪಗಳಿಂದ ಹೊರಟ ಜಪಾನಿ ಪಡೆ ಪರ್ಲ್ ಹಾರ್ಬರಿಗೆ ಬಂದದ್ದು ಹೇಗೆಂದು ಮಗುವಿಗೆ ತಿಳಿಯುವುದೇ ಇಲ್ಲ. ರಷ್ಯ 1867ರಲ್ಲಿ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು. ಆ ನೆರೆಹೊರೆಯೂ ಕಾಣುವುದಿಲ್ಲ.

ಆದರೆ ಒಂದು ಪ್ರಾಂತದ ಆಟದಲ್ಲಿ ಅಂಚುಗಳು ಕೂಡಬಾರದು. 1565ರ ತಾಳಿಕೋಟೆ ಯುದ್ಧವನ್ನು ದಖ್ಖನಿನ ಭೂಪಟದ ಮೇಲೆ ಆಡುವಾಗ ಗೋವೆಯಿಂದ ಪಶ್ಚಿಮಕ್ಕೆ ಹೊರಟ ಹಡಗು ಮಚಲೀಪಟ್ಟಣದಲ್ಲಿ ತಲೆ ಎತ್ತಿದರೆ ಹೇಗಿರುತ್ತದೆ? ಹಾಗೆಂದು ಅಂಚನ್ನು ಗೋಡೆ ಮಾಡಿದರೂ ತಪ್ಪೇ. ವಿಜಯನಗರದ ಕುದುರೆಗಳು ಅರಬ್ಬೀ ಸಮುದ್ರ ದಾಟಿ ಬರುತ್ತಿದ್ದವು. ಅಂಥ ಅಂಚಿಗೆ ಬಾಗಿಲಿರಬೇಕು, ಒಳಗೆ ಬರುವ ಸರಕಿಗೂ ಶತ್ರುವಿಗೂ ಲೆಕ್ಕವಿರಬೇಕು.

ಕೊಳವೆಯ ಭೂಮಿಗೂ ಒಂದು ದೋಷವುಂಟು. ಅದರಲ್ಲಿ ಧ್ರುವದ ಮೇಲೆ ದಾರಿಯಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು, ಚಾಲಕರೆಲ್ಲ ಮಹಿಳೆಯರೇ ಆಗಿದ್ದು, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಇಳಿಯಿತು. ಸುಮಾರು 14,000 ಕಿಲೋಮೀಟರಿನ ಆ ದಾರಿ ಮಕ್ಕಳ ಆಟದ ಪರದೆಯಲ್ಲಿ ಹಿಮದ ಗೋಡೆಗೆ ಬಡಿದು ನಿಲ್ಲುತ್ತದೆ.

ಆದ್ದರಿಂದ ತಂದೆ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಆಟ ಬೇಡವೆನ್ನಬೇಡಿ. ಕಂಪ್ಯೂಟರಿನ ಪಕ್ಕದಲ್ಲಿ ಒಂದು ಸಣ್ಣ ಗ್ಲೋಬ್ ಇಡಿ. ನಿಮ್ಮ ಈಗಿನ ಊರಿನಿಂದ ಅಜ್ಜಿಯ ಊರಿಗೆ ಅದರ ಮೇಲೆ ಒಂದು ದಾರ ಬಿಗಿಯಾಗಿ ಹಿಡಿಯಲು ಮಗುವಿಗೆ ಹೇಳಿ. ದಾರ ಎಲ್ಲೆಲ್ಲಿ ಹಾದುಹೋಯಿತೆಂದು ಅವರೇ ಓದಿ ಹೇಳಲಿ, ಸಾಧ್ಯವಾದರೆ ಕನ್ನಡದಲ್ಲಿ.